ತೆಗೆದು ನೋಡದ ಪ್ರೋಗ್ರಾಂ

ಎರಡು ಸಾವಿರನೇ ಇಸವಿ ದಾಟಿದ ಹೊಸತರಲ್ಲಿ ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಯಾರ ಪ್ರೋಗ್ರಾಂ ಆದರೂ ತನ್ನ ಉತ್ತರವನ್ನು ಒಂದೇ ಹೆಸರಿನ ಫೈಲಿಗೆ ಬರೆಯಬೇಕು, ಮೊದಲ ಸಾಲಿನಲ್ಲಿ ರೋಲ್ ನಂಬರ್ ಇರಬೇಕು. ನಾನು ಒಬ್ಬೊಬ್ಬರದೇ ಓಡಿಸಿ, ಆ ಫೈಲು ಓದಿ, ಅಳಿಸಿ, ಮುಂದಿನವರದಕ್ಕೆ ಕೈ ಹಾಕುತ್ತಿದ್ದೆ. ಇಡೀ ಮಧ್ಯಾಹ್ನ ಅದರಲ್ಲೇ ಹೋಗುತ್ತಿತ್ತು.

ಬೇಸತ್ತು, ಈ ಕೆಲಸಕ್ಕೇ ಒಂದು ಪ್ರೋಗ್ರಾಂ ಬರೆದೆ. ಅದು ಕಂಪ್ಯೂಟರಿನೊಳಗೆ ಬೇರೆ ಬೇರೆಯಾಗಿ ಓಡುವ ಹಲವು ಪ್ರೊಸೆಸ್‌ಗಳನ್ನು ಹುಟ್ಟಿಸಿ, ಒಂದೊಂದಕ್ಕೂ ಒಬ್ಬೊಬ್ಬರ ಪ್ರೋಗ್ರಾಂ ಒಪ್ಪಿಸಿ, ನಾಲ್ಕು ನಾಲ್ಕನ್ನು ಒಟ್ಟಿಗೇ ಓಡಿಸಿ, ಸರಿ-ತಪ್ಪಿನ ಪಟ್ಟಿ ಕೊಡುತ್ತಿತ್ತು. ಚಹಾ ಕುಡಿದು ಬರುವಷ್ಟರಲ್ಲಿ ಇಡೀ ಕ್ಲಾಸು ಮುಗಿಯುತ್ತಿತ್ತು. ನನ್ನನ್ನು ಹಿಡಿಯುವವರೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಆಂತರಿಕ ಪರೀಕ್ಷೆಯ ದಿನ ಪಟ್ಟಿ ಒಂದು ವಿಚಿತ್ರ ತೋರಿಸಿತು. ಕುಲಗೋಡದಿಂದ ಬಸ್ಸಿನಲ್ಲಿ ಬರುವ ಹುಡುಗಿಯ ಉತ್ತರದ ಮೇಲೆ ಹುಕ್ಕೇರಿಯ ಹುಡುಗನೊಬ್ಬನ ರೋಲ್ ನಂಬರ್ ಇತ್ತು. ಕದ್ದವಳಿಗೆ ನಂಬರ್ ಬದಲಿಸುವಷ್ಟೂ ಬುದ್ಧಿ ಇಲ್ಲವಲ್ಲ ಎಂದು ನನಗೆ ನಗು ಬಂತು. ಎಲ್ಲರೆದುರು ಅವಳನ್ನು ನಿಲ್ಲಿಸಿ ಅದನ್ನೇ ಹೇಳಿದೆ. ಕ್ಲಾಸು ನಕ್ಕಿತು.

"ಸರ್, ನಾನ ಬರದೇನ್ರಿ. ಒಮ್ಮೆ ನನ್ನ ಪ್ರೋಗ್ರಾಂ ತಗದು ನೋಡ್ರಿ," ಎಂದಳು.

ನೋಡಲು ಎರಡು ನಿಮಿಷ ಸಾಕಿತ್ತು. "ಕಂಪ್ಯೂಟರ್ ಸುಳ್ಳು ಹೇಳ್ತೈತೇನು? ನಿಮ್ಮಪ್ಪನ್ನ ಕರ್ಕೊಂಡು ಬಾ," ಎಂದು ಸೊನ್ನೆ ಹಾಕಿದೆ.

ಎರಡು ದಿನದ ಮೇಲೆ ಆಫೀಸಿಗೆ ಕೊಡಲು ನನ್ನ ಪ್ರೋಗ್ರಾಂ ಇನ್ನೊಮ್ಮೆ ಓಡಿಸಿ ಪಟ್ಟಿ ತೆಗೆದೆ. ಈ ಸಲ ಹುಡುಗಿಯದು ಸರಿ ಇತ್ತು! ಮೂಡಲಗಿಯ ಹುಡುಗನೊಬ್ಬನ ಉತ್ತರದ ಮೇಲೆ ಅವಳ ನಂಬರ್ ಕೂತಿತ್ತು. ಮೂರನೇ ಸಲ ಓಡಿಸಿದಾಗ ಕಳ್ಳ ಮತ್ತೊಬ್ಬನಾದ. ನನ್ನ ಪ್ರೋಗ್ರಾಂ ತೆರೆದು ಸಾಲು ಸಾಲಾಗಿ ಓದಿದೆ. ನಾಲ್ಕು ಪ್ರೋಗ್ರಾಂಗಳು ಒಂದೇ ಹೊತ್ತಿಗೆ ಓಡುತ್ತ, ನಮ್ಮ ಪದ್ಧತಿಯಂತೆ ಒಂದೇ ಫೈಲಿಗೆ ಬರೆಯುತ್ತಿದ್ದವು. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದರೆ, ಕೊನೆಗೆ ಉಳಿದದ್ದೇ ಎಲ್ಲರ ಉತ್ತರ. ಒಬ್ಬೊಬ್ಬರದೇ ಓಡಿಸುವಾಗ ಈ ತೊಂದರೆಯೇ ಇರಲಿಲ್ಲ. ಆಗಲಾದರೂ ಹುಡುಗಿಯ ಪ್ರೋಗ್ರಾಂ ತೆರೆದೆ. ಹುಕ್ಕೇರಿ ಹುಡುಗನದಕ್ಕಿಂತ ಅದೇ ಚೊಕ್ಕವಾಗಿತ್ತು.

ಅದು ತೆರೆದೇ ಇರುವಾಗ ಅವಳ ಅಪ್ಪ ಬಾಗಿಲಲ್ಲಿ ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಹಿಂದೆ ಮಗಳು.

"ತಪ್ಪಾಗೇತ್ರಿ ಸರ್. ಹುಡುಗಿ ಇನ್ನಾ ಸಣ್ಣಾಕಿ, ಹೊಟ್ಟ್ಯಾಗ ಹಾಕ್ಕೋರಿ."

ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಸ್ಟಾಫ್ ರೂಮು, ನಕ್ಕ ಕ್ಲಾಸು, ಎಲ್ಲ ಕಣ್ಣ ಮುಂದೆ ಬಂತು. "ಇರ್ಲಿ ಬಿಡ್ರಿ. ಇನ್ನೊಮ್ಮೆ ಹಿಂಗ ಆಗಬಾರ್ದು," ಎಂದೆ. ಅವರು ಚೀಲದಿಂದ ಬೆಲ್ಲ ತೆಗೆದು ಮೇಜಿನ ಮೇಲೆ ಇಟ್ಟರು. ನಾನು ಅದನ್ನೂ ಇಟ್ಟುಕೊಂಡೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಸಂಜೆಯೇ ಪ್ರತಿ ಪ್ರೊಸೆಸ್‌ಗೂ ಉತ್ತರ ಬರೆಯಲು ಬೇರೆ ಡೈರೆಕ್ಟರಿ ಕೊಟ್ಟು ನನ್ನ ಪ್ರೋಗ್ರಾಂ ಸರಿಮಾಡಿದೆ. ಹುಡುಗಿಗೆ ಪೂರ್ತಿ ಅಂಕ ಹಾಕಿ, ಪಟ್ಟಿಯನ್ನು ಸದ್ದಿಲ್ಲದೆ ಬೋರ್ಡಿಗೆ ಅಂಟಿಸಿದೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಮರುದಿನ ಅವಳು ಒಬ್ಬಳೇ ಲ್ಯಾಬಿಗೆ ಬಂದಳು.

"ಸರ್, ಅಪ್ಪ ಕೈ ಮುಗದಾರಂತ ಕೊಟ್ಟ ಮಾರ್ಕ್ಸ್ ನನಗ ಬ್ಯಾಡ್ರಿ. ನಾ ಬರದದ್ದು ನೋಡಿ ಎಷ್ಟ ಬರ್ತಾವು ಅಷ್ಟ ಕೊಡ್ರಿ."

ನೋಡಿಯೇ ಕೊಟ್ಟಿದ್ದೇನೆ ಎಂದಿದ್ದರೆ ಅರ್ಧ ಸತ್ಯವಾದರೂ ಆಗುತ್ತಿತ್ತು. ನಾನು ಕೀಬೋರ್ಡಿನಿಂದ ತಲೆ ಎತ್ತದೆ, "ಹೋಗವಾ, ಕ್ಲಾಸಿಗೆ ಹೊತ್ತಾತು," ಎಂದೆ.