ನಾನು ಚೆಂಡಿನಿಂದ ಬಿದ್ದ ದಿನದ ಹೆರಿಗೆ

ನನ್ನ ಮೊಮ್ಮಗಳ ಹೊಟ್ಟೆ ಕೊಯ್ಯುವುದು ತಪ್ಪಿದ್ದು ನಾನು ಚೆಂಡಿನಿಂದ ಬಿದ್ದದ್ದರಿಂದ. ಅವಳ ಗಂಡ ತಾನು ಹೊತ್ತ ಹರಕೆಯಿಂದ ಎಂದು ಕತೆ ಹೇಳುತ್ತಾನೆ. ಹೇಳಿಕೊಳ್ಳಲಿ.

ನಾವು ಹೋಗುವ ಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಹೆರಿಗೆ ಕಡಿಮೆ ಮಾಡಲು ಹೊಸ ಕ್ರಮ ತಂದಿದ್ದರು. ಬಸುರಿಯ ಜೊತೆ ಒಬ್ಬ ಹೆಂಗಸು ಒಳಗಿರಬಹುದು. ಆ ಹೆಂಗಸು ಕೊಯ್ಯಿಸಿಕೊಳ್ಳದೆ ಹೆತ್ತವಳಾದರೆ ಒಳ್ಳೆಯದು, ಬಸುರಿಗೆ ಧೈರ್ಯ ಬರುತ್ತದಂತೆ. ಮನೆಯಲ್ಲಿ ಹುಡುಕಿದರು. ಮಗಳ ಹೊಟ್ಟೆಗೆ ಹೊಲಿಗೆ, ಮೊಮ್ಮಗಳ ಅತ್ತೆಗೆ ಹೊಲಿಗೆ, ದೊಡ್ಡ ಮೊಮ್ಮಗಳಿಗೆ ಎರಡೆರಡು ಸಲ ಹೊಲಿಗೆ. ಉಳಿದವಳು ನಾನೊಬ್ಬಳೇ. ಐದು ಹೆತ್ತಿದ್ದೇನೆ, ಒಂದನ್ನು ಮೀನು ಒಣಗಿಸುವ ಅಂಗಳದಲ್ಲೇ.

ಮೊಮ್ಮಗಳಿಗೆ ಹೆದರಿಕೆ ಒಂದೇ. ಕೊಯ್ಯಿಸಿಕೊಂಡ ಮೇಲೆ ಅವಳ ಅಕ್ಕ ಮೀನಿನ ಬುಟ್ಟಿ ಎತ್ತಲೇ ಇಲ್ಲ. ಇವಳಿಗೆ ಬುಟ್ಟಿಯೇ ಅನ್ನ.

ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನಕ್ಕೆ ಬಾಗಿಲ ಹೊರಗೆ ನಮ್ಮವರೇ ಏಳು ಜನ. ಡಾಕ್ಟರಮ್ಮ ಹೊರಬಂದರೆ ಸಾಕು, ದೋಣಿ ಬಂದಾಗ ಕಾಗೆ ಮುತ್ತುವ ಹಾಗೆ ಮುತ್ತುತ್ತಿದ್ದರು.

"ಎಷ್ಟೊತ್ತು ಕಾಯೂದ್ರಾ? ಕೊಯ್ದಾಕಿ ಅತ್ಲಾಗೆ," ಅಂದ ಮೊಮ್ಮಗಳ ಗಂಡ.

"ಕೂಸಿನ ಎದೆಬಡಿತ ಚೆನ್ನಾಗಿದೆ, ತಾಯಿಯೂ ಚೆನ್ನಾಗಿದ್ದಾಳೆ. ಕಾಯಬೇಕು."

"ಎಂತಾದ್ರೂ ಆದ್ರೆ ಜವಾಬ್ದಾರಿ ನೀವು ತಕಂತ್ರಾ?"

ಹತ್ತನೇ ಸಲ ಇದೇ ಮಾತು ಬಂದಾಗ ಡಾಕ್ಟರಮ್ಮ ಸೋತು, ಆಪರೇಷನ್ನಿನ ಕಾಗದ ತರಲು ಹೇಳಿದರು.

ಒಳಗೆ ಮೊಮ್ಮಗಳು ನನ್ನ ಕೈ ಹಿಡಿದಳು. "ಅಜ್ಜಿ, ಕೊಯ್ಯೂದು ಬ್ಯಾಡ ಹೇಳೇ."

ಮೂಲೆಯಲ್ಲಿ ಹಸಿರು ಬಣ್ಣದ ದೊಡ್ಡ ಚೆಂಡು ಇತ್ತು. ಅದರ ಮೇಲೆ ಕೂತು ಸೊಂಟ ಆಡಿಸಿದರೆ ಕೂಸು ಇಳಿಯುತ್ತದೆ ಎಂದು ನರ್ಸು ಬೆಳಿಗ್ಗೆಯೇ ಹೇಳಿದ್ದಳು. ಬೀಳುತ್ತೇನೆಂದು ಮೊಮ್ಮಗಳು ಅದರ ಮೇಲೆ ಕೂತಿರಲಿಲ್ಲ.

"ಎಂತ ಆಗೂದಿಲ್ಲ, ನೋಡು," ಎಂದು ನಾನೇ ಕೂತೆ.

ಚೆಂಡು ಮುಂದೆ ಹೋಯಿತು, ನಾನು ಹಿಂದೆ. ಸದ್ದು ಕೇಳಿ ಏಳೂ ಜನ ಬಾಗಿಲು ತಳ್ಳಿಕೊಂಡು ಬಂದರು.

"ಅಯ್ಯಯ್ಯೋ, ಅಜ್ಜಿ ಹೋಯ್ತು!" ಎಂದು ಮೊಮ್ಮಗಳ ಅತ್ತೆ ಬೊಬ್ಬೆ ಹೊಡೆದಳು.

"ಹೋದ್ರೆ ನಾನೇ ಹೇಳ್ತೆ. ಬಾಯ್ಮುಚ್ಚು."

ನನ್ನನ್ನು ಸ್ಟ್ರೆಚರಿಗೆ ಹಾಕಿ ಎಕ್ಸ್‌ರೇ ಕೋಣೆಗೆ ಹೊರಟರು. ಏಳೂ ಜನ ಹಿಂದೆ. ಕಾಗದಕ್ಕೆ ಸಹಿ ಹಾಕಬೇಕಾದ ಗಂಡನೇ ಸ್ಟ್ರೆಚರು ತಳ್ಳುತ್ತಿದ್ದ. ಅಲ್ಲಿಯೂ ಅವನದು ಅದೇ ರಾಗ, "ಎಷ್ಟೊತ್ತು ಕಾಯೂದ್ರಾ? ಸೊಂಟ ಕೊಯ್ಯೂದಾದ್ರೆ ಈಗ್ಲೇ ಕೊಯ್ದಾಕಿ!"

ಹೆರಿಗೆ ಕೋಣೆಯ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಮೊಮ್ಮಗಳ ಹತ್ತಿರ ಕೂತರಂತೆ, ಆಗಾಗ ಕೂಸಿನ ಎದೆಬಡಿತ ಕೇಳುತ್ತ. ನನ್ನ ಎಲುಬು ಮುರಿದಿಲ್ಲ ಎಂದು ಗೊತ್ತಾಗಿ ನಾವು ವಾಪಸು ಬರುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿ ಅಳುತ್ತಿತ್ತು. ಕಾಗದ ಮೇಜಿನ ಮೇಲೆ ಖಾಲಿಯೇ ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಇನ್ನೊಬ್ಬ ಬಸುರಿ ಬಂದಿದ್ದಳು. ಅವಳ ಕಡೆಯ ಒಂಬತ್ತು ಜನ ಡಾಕ್ಟರಮ್ಮನನ್ನು ಗೋಡೆಗೆ ಒತ್ತಿ, ಕೊಯ್ಯಿರಿ ಎನ್ನುತ್ತಿದ್ದರು. ನಾನು ಚಾದ ಲೋಟ ಕೆಳಗಿಟ್ಟು, ಕುಂಟುತ್ತ ಹೋಗಿ, "ಅಯ್ಯೋ ನನ್ನ ಸೊಂಟವೇ!" ಎಂದು ನಡು ದಾರಿಯಲ್ಲಿ ಕೂತುಬಿಟ್ಟೆ. ಒಂಬತ್ತೂ ಜನ ಡಾಕ್ಟರಮ್ಮನನ್ನು ಬಿಟ್ಟು ನನ್ನನ್ನು ಎತ್ತಲು ಓಡಿ ಬಂದರು.

ನಾನು ಏಳಲಿಲ್ಲ.