ಡಾಕ್ಟರ್ ನಂದಾ ಹಲ್ಲಿಲೆ ದಾರ ಕಡದದ್ದು

ಕುಬಿಹಾಳದಾಗ ಮಲ್ಲಕ್ಕನ ಮಗಳು ನಂದಾ ಅಂದ್ರ ಹಳೇ ಸೀರಿ ಕೂಡಿಸಿ ಕೌದಿ ಹೊಲಿಯೂದ್ರಾಗ ಎತ್ತಿದ ಕೈ. ಅವ್ವ ಮಗಳು ಕೂಡಿ ಹೊಲಿದ ಕೌದಿ ಹರದದ್ದು ಯಾರೂ ಕಂಡಿಲ್ಲ. ಅಂಥಾಕಿ ಹಲ್ಲಿನ ಡಾಕ್ಟರಕಿ ಓದಿ, ಧಾರವಾಡದಾಗ ಕಡೀ ವರ್ಷದ ತರಬೇತಿಗೆ ಬಂದಾಗ, ವಸಡು ಹೊಲಿಯೂದು ತನಗ ನೀರು ಕುಡದಂಗ ಅಂತ ತಿಳಕೊಂಡಿದ್ದಳು. ಸ್ವಲ್ಪ ಸೊಕ್ಕೂ ಇತ್ತು ಅನ್ನರಿ. ಇರಲಿ ಬಿಡ್ರಿ, ಕೈಯಾಗ ಕಸಬು ಇದ್ದಾಕಿಗೆ ಅಷ್ಟೂ ಇರಬಾರದೇನು?

ಅಲ್ಲಿ ರೋಗಿಗಿಂತ ಮೊದಲ ಗೊಂಬಿ. ಕುರ್ಚಿಗೆ ಬಿಗದ ಒಂದು ತಲಿ, ಬಾಯಾಗ ಪ್ಲಾಸ್ಟಿಕ್ ದವಡಿ, ಮ್ಯಾಲ ಗುಲಾಬಿ ಬಣ್ಣದ ರಬ್ಬರ್ ವಸಡು. ವಸಡು ಕೊಯ್ದು, ಅಡ್ಡ ಬೆಳೆದ ಕಡೀ ದವಡಿಹಲ್ಲು ಒಡದು ತಗದು, ತಿರುಗಿ ಹೊಲೀಬೇಕು. ಗೊಂಬಿ ಮ್ಯಾಲ ಪಾಸಾಗದವರಿಗೆ ಮನಷ್ಯಾರ ಬಾಯಿ ಮುಟ್ಟಾಕ ಬಿಡೂದಿಲ್ಲ. ನಂದಾ ಕೊಯ್ದಳು, ಒಡದಳು, ತಗದಳು, ಎಲ್ಲಾ ಅಗದಿ ಚೊಲೊ. ಹೊಲಿದು ದಾರ ಜಗ್ಗಿದಳು ನೋಡ್ರಿ, ರಬ್ಬರ್ ಪರ್ರನ ಹರೀತು.

"ಕೌದಿ ಅಜ್ಜಿಯಿಂದ ಮೊಮ್ಮಗಳ ತನಕಾ ಬಾಳಬೇಕು, ಅದಕ್ಕ ಬಿಗಿ," ಅಂದ್ರು ಕಲಿಸೋ ಜಾಸ್ಮಿನ್ ಮೇಡಂ. "ಇದು ವಾರದಾಗ ಬಿಚ್ಚೂ ಹೊಲಿಗಿ. ಬಿಗದ್ರ ವಸಡಿಗೆ ರಕ್ತ ಹೋಗೂದಿಲ್ಲ. ಸಡ್ಲ ಬಿಡು."

ಸಡ್ಲ ಬಿಡೂದು ಕಲಿಯೂದ್ರಾಗ ಅಕಿಗೆ ಸಾಕುಸಾಕಾತು. ಆದ್ರೂ ಕಲತಳು. ಪರೀಕ್ಷಾದ ದಿವಸ ಹೊಲಿಗಿ ನೋಡಿ ಮೇಡಂ ಭೇಷ್ ಅಂತ ಗೋಣು ಹಾಕಿದ್ರು. ಇನ್ನ ದಾರ ಕತ್ತರಸೂದೊಂದ ಉಳದಿತ್ತು. ನಂದಾ ಏನ್ ಮಾಡಿದಳು ಅಂತೀರಿ? ಮಾಸ್ಕ್ ಕೆಳಗ ಜಗ್ಗಿ, ಬಗ್ಗಿ, ಹಲ್ಲಿಲೆ ಕಟಕ್ ಅಂತ ದಾರ ಕಡದಬಿಟ್ಟಳು! ಕತ್ತರಿ ಬಾಜೂಕ ಇತ್ತು. ಕೌದಿ ಮುಂದ ಕುಂತಾಕಿ ಎಂದಾದ್ರೂ ಕತ್ತರಿ ಹುಡುಕತಾಳೇನು?

ಸಂಗಡ ಕಲಿಯೋರೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕರು. ಮೇಡಂ ನಗಲಿಲ್ಲ. "ರೋಗಿ ಬಾಯಾಗೂ ಹಿಂಗ ಮಾಡತೀಯೇನು? ನಪಾಸ."

ಅತ್ತಳೇನು? ಛೇ! ಮರುದಿನದಿಂದ ಮಾಸ್ಕ್ ಒಳಗ ಒಂದು ಲವಂಗ ಕಚ್ಚಿಕೊಂಡು ಹೊಲಿಯಾಕ ಕುಂತಳು. ದಾರ ಕಡಿಯಾಕ ಹಲ್ಲು ಅಲುಗಿತೋ, ಲವಂಗ ಜಜ್ಜಿ ನಾಲಿಗಿಗೆ ಚುರ್ ಅಂತಿತ್ತು. ಹಟಮಾರಿ ಅಂದ್ರ ಹಟಮಾರಿ. ನಕ್ಕವರೆಲ್ಲಾ ರೋಗಿಗೋಳ್ನ ನೋಡಕೋತ ಮುಂದ ಹೋದ್ರು, ಇಕಿ ಗೊಂಬಿ ಬಿಡಲಿಲ್ಲ. ಕಡೀಕ ಕೈ ತಾನ ಕತ್ತರಿಗೆ ಹೋಗಾಕ ಹತ್ತಿತು, ಪಾಸೂ ಆದಳು.

ಮೊದಲನೇ ರೋಗಿ ಅಣ್ಣಿಗೇರಿಯ ಮಡಿವಾಳೆಪ್ಪ, ಮೆಣಸಿನಕಾಯಿ ವ್ಯಾಪಾರದಾಂವ. ಅಡ್ಡ ಬೆಳೆದ ದವಡಿಹಲ್ಲಿನ ನೋವಿಗೆ ಮಾರಿ ಸಣ್ಣದು ಮಾಡಕೊಂಡು ಕುಂತಿದ್ದ. "ನಂದಾ ತಗೀತಾಳ, ನಾ ಬಾಜೂಕ ಇರತೇನಿ" ಅಂತ ಮೇಡಂ ಅಂದಾಗ ಅಕಿ ಎದಿ ಉಬ್ಬಿತು.

"ಇಲ್ಲೀತನಕಾ ಇಂಥಾವು ಎಷ್ಟ ತಗದೀಯವಾ?" ಅಂತ ಮಡಿವಾಳೆಪ್ಪ ಕೇಳಿದ.

ಸುಳ್ಳು ಹೇಳಿದ್ರ ಯಾರೂ ಹಿಡೀತಿದ್ದಿಲ್ಲ. ನಂದಾ ತಲಿ ತಗ್ಗಿಸದ ಅಂದಳು, "ನಿಮ್ದ ಮೊದಲನೇದ್ರಿ ಕಾಕಾ. ಖರೇ, ಗೊಂಬಿ ಮ್ಯಾಲ ನನ್ನಷ್ಟು ಯಾರೂ ತಗದಿಲ್ಲ."

"ಗೊಂಬಿ ಒದರತಿತ್ತೇನು?"

"ಇಲ್ರಿ."

"ನಾ ಒದರತೇನಿ ಮತ್ತ. ಒದರಿದ್ರ ಕೈ ನಿಂದರಸು," ಅಂದ ಮಡಿವಾಳೆಪ್ಪ, ಅಕಿ ಮುಂದ ಬಾಯಿ ಅಗಲಿಸಿದ.