ಹುಟ್ಟೋಕ್ ಮುಂಚೆ ಟ್ರಾನ್ಸ್‌ಫರ್

ಇಂದಿರಾನಗರದ ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ ಕೇಳಿದರು, "ಡಾಕ್ಟ್ರು ಏನಂದ್ರು?" ಗರ್ಭದ ನೀರು ತೆಗೆದು ಪರೀಕ್ಷೆ ಮಾಡಿದ್ದರಲ್ಲ, ಅದರ ರಿಪೋರ್ಟ್ ಬಂದಿತ್ತು. ಮಗುವಿಗೆ ಟ್ರಾನ್ಸ್‌ಲೊಕೇಶನ್ ಇದೆಯಂತೆ ಎಂದೆ.

"ಟ್ರಾನ್ಸ್‌ಫರ್ರಾ? ಹುಟ್ಟೋಕ್ ಮುಂಚೇನೇ?"

ವಿಮೆ ಕಚೇರಿಯ ನೌಕರರ ಮನೆ ನಮ್ಮದು. ಮಾವ ಇದ್ದಷ್ಟು ಕಾಲ ಈ ಮನೆಯಲ್ಲಿ ಅದಕ್ಕಿಂತ ಕೆಟ್ಟ ಪದ ಇರಲಿಲ್ಲ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಹಿಂದೆ ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು. ಎರಡು ಸಲವೂ ಅತ್ತೆ ರಸೆಲ್ ಮಾರುಕಟ್ಟೆಯಿಂದ ನಾನು ತಂದ ಪರಂಗಿ ಹಣ್ಣನ್ನು ಬೈದಿದ್ದರು.

ಎರಡು ವರ್ಣತಂತುಗಳ ತುದಿ ಮುರಿದು ಅದಲುಬದಲಾಗಿ ಕೂತಿವೆ, ಏನೂ ಕಳೆದಂತೆ ಕಾಣುವುದಿಲ್ಲ ಎಂದಿದ್ದರು ಡಾಕ್ಟರು. ಕಳೆದಿಲ್ಲವಾದರೆ ಹೆದರಿಸುವುದು ಯಾಕೆ ಎಂದು ರೇಗಿದ್ದೆ. ಜೀನ್ ಇದ್ದರೆ ಸಾಲದಮ್ಮ, ಎಲ್ಲಿದೆ ಅನ್ನುವುದೂ ಮುಖ್ಯ ಎಂದರು. ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ಪ್ರತಿ ವರ್ಣತಂತುವಿಗೂ ತನ್ನದೇ ಜಾಗವಂತೆ. ಅಂಚಿಗೆ ಒತ್ತಿಕೊಂಡ ಜೀನ್‌ಗಳು ಹೆಚ್ಚಾಗಿ ಸುಮ್ಮನಿರುತ್ತವೆ, ನಡುವಿನವು ಕೆಲಸ ಮಾಡುತ್ತವೆ. ಜಾಗವೋ ನೆರೆಹೊರೆಯೋ ಬದಲಾದರೆ ಕೆಲಸ ಮಾಡಬೇಕಾದದ್ದು ಸುಮ್ಮನಾಗಬಹುದು, ಮಲಗಿದ್ದದ್ದು ಏಳಬಹುದು. ನನಗೋ ಗಂಡನಿಗೋ ಇದೇ ಬದಲಾವಣೆ ಇದ್ದರೆ ಮಗುವಿಗೂ ಬಹುಶಃ ತೊಂದರೆಯಿಲ್ಲ. ಹೊಸದಾಗಿ ಆಗಿದ್ದರೆ ಹೇಳುವುದು ಕಷ್ಟ. ಇಬ್ಬರ ರಕ್ತವನ್ನೂ ತೆಗೆದುಕೊಂಡರು.

"ಟ್ರಾನ್ಸ್‌ಫರ್ ಅಂತಲೇ ಇಟ್ಕೊಳ್ಳಿ ಅತ್ತೆ. ಎಲ್ಲಾ ಇದೆ, ಜಾಗ ಮಾತ್ರ ಬೇರೆ."

ಅತ್ತೆ ಸೊಪ್ಪು ಬಿಡಿಸುತ್ತಾ ಹೇಳಿದರು, "ನಿಮ್ಮ ಮಾವನಿಗೂ ಏನೂ ಕಮ್ಮಿ ಆಗಿರ್ಲಿಲ್ಲಮ್ಮ. ಅದೇ ಸಂಬಳ, ಅದೇ ಕುರ್ಚಿ. ಇಲ್ಲಿ ಆಫೀಸನ್ನೆಲ್ಲ ನಗಿಸ್ತಿದ್ದೋರು, ಟ್ರಾನ್ಸ್‌ಫರ್ ಆದ ಊರಿಗೆ ಹೋದ್ಮೇಲೆ ಮಾತೇ ನಿಲ್ಲಿಸ್ಬಿಟ್ರು."

ಸಮಾಧಾನ ಹೇಳಲು ಹೊರಟು ಅಲ್ಲಿಗೆ ಮುಟ್ಟಿದ್ದರು ಪಾಪ. ರಕ್ತದ ರಿಪೋರ್ಟ್ ಬರುವ ತನಕ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಕಂಡರೂ ನನಗೆ ಭಯ. ನನ್ನದು ಹೀಗೆ ಕೂಗುತ್ತದೋ ಇಲ್ಲವೋ ಎಂದು ನಿಂತು ನೋಡುತ್ತಿದ್ದೆ.

ರಿಪೋರ್ಟ್ ಬಂತು. ಅದೇ ಬದಲಾವಣೆ ನನ್ನಲ್ಲಿತ್ತು. ಮಗುವಿನ ಬಗ್ಗೆ ಅಷ್ಟು ಹೆದರಬೇಡಿ ಎಂದ ಡಾಕ್ಟರು, ಹಿಂದಿನ ಎರಡು ನಿಲ್ಲದಿದ್ದುದಕ್ಕೂ ಬಹುಶಃ ಇದೇ ಕಾರಣ, ಅವಕ್ಕೆ ತುಂಡುಗಳು ಹೆಚ್ಚುಕಮ್ಮಿಯಾಗಿ ಹೋಗಿರಬೇಕು ಎಂದರು. ಮನೆಗೆ ಬಂದು ಎರಡನ್ನೂ ಹೇಳಿದೆ.

ಅತ್ತೆ ರಿಪೋರ್ಟನ್ನು ಮಡಿಸಿಟ್ಟರು. "ಹಂಗಾದ್ರೆ ಟ್ರಾನ್ಸ್‌ಫರ್ ಅಲ್ಲ ಬಿಡು. ಇದಕ್ಕೆ ಅದೇ ಸ್ವಂತ ಊರು."

ಹೋದ ಎರಡರ ಬಗ್ಗೆ ಅವರು ಏನೂ ಹೇಳಲಿಲ್ಲ. ಪರಂಗಿ ಹಣ್ಣನ್ನು ಮಾತ್ರ ಮತ್ತೆಂದೂ ಬೈಯಲಿಲ್ಲ.